ನಾಯಿ ಬೆಕ್ಕುಗಳಿಗೆ ಹಸಿಮಾಂಸವನ್ನಿಕ್ಕುವ ವಿಚಾರ

ಪಶುಸಂಪತ್ತನ್ನು ಕುರಿತು ಬರೆಯುವವರು ದನ, ಎಮ್ಮೆ, ಕುರಿ, ಮೇಕೆ, ಕೋಳಿಗಳ ವಿಷಯವಾಗಿ ಎಷ್ಟೋ ಬರೆದಿರುವುದುಂಟು; ನಾಯಿ ಬೆಕ್ಕುಗಳ ವಿಷಯವಾಗಿ ಬರೆದವರು ಕಡಮೆ. ಅವುಗಳಿಂದ ಹಾಲಿಲ್ಲ, ಗೊಬ್ಬರವಿಲ್ಲ, ಸಂತೆಯಲ್ಲಿ ಬೆಲೆಯಿಲ್ಲವೆಂಬುದೇ ಇದಕ್ಕೆ ಕಾರಣವಾಗಿರಬೇಕು. ಆದರೆ ನಾಗಮಂಗಲ ತಾಲ್ಲೂಕಿನ ಹೊಣಕೆರೆ ಹೋಬಳಿಯಂಥ ಬೆದ್ದಲು ಸೀಮೆಯಲ್ಲಿ, ರಾಗಿ ಹುರುಳಿಗಳ ಜೊತೆಗೆ ಕುರಿಯ ಮಂದೆಯೂ ಒಕ್ಕಲುತನಕ್ಕೆ ಆಧಾರವಾಗಿರುವಲ್ಲಿ, ಮಂದೆಯ ಕಾವಲಿಗೆ ನಾಯಿಯೂ ರಾಗಿಯ ಮೂಟೆಗಳಿಗೆ ಬೀಳುವ ಇಲಿಗಳನ್ನು ಹಿಡಿಯಲು ಬೆಕ್ಕೂ ಬೇಕೇಬೇಕು. ಈ ಎರಡು ಪ್ರಾಣಿಗಳಿಗೆ ನಾವು ಏನನ್ನು ಹಾಕುತ್ತೇವೆ, ಅಥವಾ ಏನನ್ನು ಹಾಕದೆಯೇ ಅವು ತಾವಾಗಿ ತಿನ್ನುವಂತೆ ಬಿಟ್ಟಿದ್ದೇವೆ ಎಂಬುದು ಮಂದೆಯ ಆರೋಗ್ಯಕ್ಕೂ ಮನೆಯ ಮಕ್ಕಳ ಆರೋಗ್ಯಕ್ಕೂ ನೇರವಾಗಿ ಸಂಬಂಧಪಟ್ಟ ವಿಷಯವಾದುದರಿಂದ, ಗ್ರಾಮಗಳ ಯಜಮಾನರೂ ಜಮೀನುದಾರರೂ ಇದನ್ನು ಸ್ವಲ್ಪ ಸಾವಕಾಶವಾಗಿ ಗಮನಿಸಬೇಕೆಂದು ಬಿನ್ನವಿಸುತ್ತೇವೆ.

ಈಚಿನ ವರ್ಷಗಳಲ್ಲಿ ಈ ವಿಷಯಕ್ಕೆ ಹೊಸದೊಂದು ಕಾರಣವೂ ಸೇರಿಕೊಂಡಿದೆ. ಬೆಂಗಳೂರು ಮೈಸೂರುಗಳಲ್ಲಿ ಉದ್ಯೋಗದಲ್ಲಿರುವ ಯುವಕರು ಊರಿಗೆ ಬರುವಾಗ ವಿಲಾಯತಿ ಜಾತಿಯ ನಾಯಿಗಳನ್ನು ತರುವುದುಂಟು. ಅವುಗಳ ಸಂಗಡ ಒಂದು ಹೊಸ ಮತವನ್ನೂ ತರುತ್ತಾರೆ. ನಾಯಿಯೂ ಬೆಕ್ಕೂ ಸ್ವಭಾವತಃ ಮಾಂಸಾಹಾರಿಗಳಾದುದರಿಂದ ಅವುಗಳಿಗೆ ಬೇಯಿಸಿದ ಅನ್ನವನ್ನಾಗಲಿ ಮುದ್ದೆಯನ್ನಾಗಲಿ ಹಾಕಕೂಡದು, ಹಸಿಮಾಂಸ, ಹಸಿಮೂಳೆ, ಹಸಿ ಈಲಿಗಳನ್ನೇ ಹಾಕಬೇಕು ಎಂಬುದೇ ಆ ಮತವು. ಆಸ್ಟ್ರೇಲಿಯ ದೇಶದ ಪಶುವೈದ್ಯರಾದ ಇಯಾನ್ ಬಿಲ್ಲಿಂಗ್‌ಹರ್ಸ್ಟ್ ಎಂಬವರು ೧೯೯೩ನೆಯ ಇಸವಿಯಲ್ಲಿ ಪ್ರಕಟಿಸಿದ ಗ್ರಂಥದಿಂದ ಇದು ಲೋಕದಲ್ಲೆಲ್ಲಾ ಪ್ರಚಾರಕ್ಕೆ ಬಂದಿತು. ಹಳ್ಳಿಯವರಿಗೆ ಇದು ಅನುಕೂಲವಾದ ಉಪದೇಶವಾಗಿಯೇ ಕಾಣುತ್ತದೆ; ಏಕೆಂದರೆ ಕುರಿಯನ್ನು ಕೊಯ್ದ ದಿನ ಉಳಿದುದನ್ನು ನಾಯಿಗೆ ಎಸೆಯುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿಯೇ ಆಗಿದ್ದು, ಈಗ ಪಟ್ಟಣದ ವಿದ್ಯಾವಂತರೂ ಅದನ್ನೇ ಸರಿಯೆನ್ನುತ್ತಾರೆಂದರೆ ಯಾರಿಗೆ ತಾನೆ ಸಂತೋಷವಾಗದು!

ಮೊದಲು ಈ ಮತದ ತಳಹದಿಯನ್ನು ಪರೀಕ್ಷಿಸೋಣ. ನಾಯಿಯು ತೋಳದ ವಂಶದಿಂದ ಬಂದುದೆಂಬುದು ನಿಜ. ಆದರೆ ಸಾವಿರಾರು ವರ್ಷಗಳಿಂದ ಮನುಷ್ಯನ ಮನೆಬಾಗಿಲಿನಲ್ಲಿ ಬಿದ್ದ ತುತ್ತನ್ನು ತಿಂದು ಬದುಕಿದ ನಾಯಿಯ ಜಠರವು ತೋಳದ ಜಠರವಾಗಿ ಉಳಿದಿಲ್ಲ. ಸ್ವೀಡನ್ ದೇಶದ ಉಪ್ಸಾಲ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ೨೦೧೩ರಲ್ಲಿ ನಾಯಿ ಮತ್ತು ತೋಳಗಳ ವಂಶಬೀಜಗಳನ್ನು ಹೋಲಿಸಿ ನೋಡಿ, ಧಾನ್ಯದ ಹಿಟ್ಟನ್ನು ಜೀರ್ಣಿಸುವ ರಸವನ್ನು ಉತ್ಪತ್ತಿ ಮಾಡುವ ಬೀಜಾಂಶವು ತೋಳದಲ್ಲಿ ಎರಡೇ ಪ್ರತಿಗಳಿದ್ದರೆ ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೂ ಇರುವುದೆಂದು ಕಂಡುಹಿಡಿದರು. ಬೆಂದ ಹಿಟ್ಟನ್ನು ಅರಗಿಸಿಕೊಳ್ಳುವ ಶಕ್ತಿಯು ನಾಯಿಗೆ ಮನುಷ್ಯನ ಸಹವಾಸದಿಂದಲೇ ಬಂದಿದೆ ಎಂದಾಯಿತು. ನಮ್ಮ ಸೀಮೆಯ ನಾಯಿಯು ರಾಗಿಮುದ್ದೆಯನ್ನು ನುಂಗಿ ರಾತ್ರಿಯೆಲ್ಲಾ ಹಟ್ಟಿಯನ್ನು ಕಾಯುವುದು ಯಾವ ಪವಾಡವೂ ಅಲ್ಲ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಗಳು ದೇಶದಲ್ಲೆಲ್ಲಾ ಹೆಸರಾದುವು. ಅವುಗಳನ್ನು ಸಾಕುವ ರೈತರೂ ಜೋಳ, ಗೋಧಿ ಮೊದಲಾದ ಧಾನ್ಯಗಳನ್ನು ಹಾಲಿನೊಡನೆ ಕೊಟ್ಟೇ ಬೆಳೆಸಿಕೊಂಡು ಬಂದಿದ್ದಾರೆ.

ಬರಿಯ ಮಾಂಸವು ಮಾಂಸಾಹಾರಿಗೂ ಪೂರ್ಣವಾದ ಆಹಾರವಲ್ಲವೆಂಬುದಕ್ಕೆ ಹಳೆಯ ದೃಷ್ಟಾಂತವೊಂದಿದೆ. ಲಂಡನ್ ನಗರದ ಮೃಗಾಲಯದಲ್ಲಿ ಸಿಂಹದ ಮರಿಗಳಿಗೆ ಕೊಬ್ಬಿಲ್ಲದ ಹಸಿಮಾಂಸವನ್ನಷ್ಟೇ ಹಾಕುತ್ತಿದ್ದಾಗ ಅವುಗಳ ಮೂಳೆಗಳು ಬಾಗಿ, ಮರಿಗಳು ಒಂದಾದ ಮೇಲೊಂದು ಕ್ಷೀಣಿಸಿ ಸಾಯುತ್ತಿದ್ದುವು. ೧೮೮೯ರಲ್ಲಿ ಜಾನ್ ಬ್ಲ್ಯಾಂಡ್ ಸಟನ್ ಎಂಬ ಶಸ್ತ್ರವೈದ್ಯರು ಪುಡಿಮಾಡಿದ ಮೂಳೆ, ಹಾಲು ಮತ್ತು ಕಾಡ್ ಮೀನಿನ ಎಣ್ಣೆಗಳನ್ನು ಸೇರಿಸಿ ಕೊಡಿಸಿದ ಕೂಡಲೆ ಮರಿಗಳು ಚೇತರಿಸಿಕೊಂಡುವು. ಮಾಂಸದಲ್ಲಿ ಒಂದು ಪಾಲು ಸುಣ್ಣದ ಅಂಶಕ್ಕೆ ಹದಿನೈದಿಪ್ಪತ್ತು ಪಾಲು ರಂಜಕವಿರುವುದು. ಬೆಳೆಯುವ ಮರಿಗೆ ಇವೆರಡೂ ಹೆಚ್ಚುಕಡಮೆ ಸಮವಾಗಿರಬೇಕು, ಸುಣ್ಣವು ಸ್ವಲ್ಪ ಹೆಚ್ಚಾಗಿಯೇ ಇರಬೇಕು. ಪಟ್ಟಣದಿಂದ ಬಂದ ದೊಡ್ಡ ಜಾತಿಯ ನಾಯಿಮರಿಗೆ ಪ್ರೀತಿಯಿಂದ ಬರಿಯ ಮಾಂಸವನ್ನೇ ತಿನ್ನಿಸಿ, ಆರು ತಿಂಗಳಲ್ಲಿ ಅದರ ಮುಂಗಾಲುಗಳು ಸೊಟ್ಟಗಾದುವೆಂದು ವ್ಯಸನಪಡುವವರು ಇದನ್ನು ನೆನೆಯತಕ್ಕದ್ದು. ನೂರು ಗ್ರಾಮ್ ರಾಗಿಯಲ್ಲಿ ಮುನ್ನೂರೈವತ್ತು ಮಿಲಿಗ್ರಾಮಿನ ಸುಮಾರಿಗೆ ಸುಣ್ಣದ ಅಂಶವಿದ್ದು, ಧಾನ್ಯಗಳಲ್ಲೆಲ್ಲಾ ಈ ವಿಷಯದಲ್ಲಿ ಅದಕ್ಕೇ ಅಗ್ರಸ್ಥಾನ. ಅದೊಂದರಿಂದಲೇ ಮರಿಯ ಅಗತ್ಯವು ಪೂರೈಸುವುದೆಂದು ತಿಳಿಯಬಾರದು. ಹಾಲು, ಮಜ್ಜಿಗೆ, ಬೆಂದ ಮೊಟ್ಟೆಗಳು ಜೊತೆಗಿರಬೇಕು.

ಹಾಗಾದರೆ ಮುದ್ದೆಯನ್ನು ಮಾತ್ರ ಹಾಕಿದರೆ ಸಾಕೆ? ಸಾಲದು. ಮುದ್ದೆ ಸಾರುಗಳ ಮೇಲೆಯೇ ಬದುಕುವ ನಾಯಿಯು ಮಾಂಸವರ್ಧಕ ದ್ರವ್ಯದ ಅಭಾವದಿಂದ ಕೂದಲುದುರಿ ಬಡಕಲಾಗುತ್ತದೆ. ಹಸಿದ ನಾಯಿಯೇ ಮೊಟ್ಟಮೊದಲು ಕೆರೆಯಂಗಳದ ಸತ್ತ ದನದ ಕಡೆಗೆ ಓಡತಕ್ಕದ್ದು. ದಿನಕ್ಕೊಮ್ಮೆ ಮುದ್ದೆಯ ಸಂಗಡ ಬೇಯಿಸಿದ ಕೋಳಿಯ ಕಾಲು, ತಲೆ, ಗುಂಡಿಗೆಗಳನ್ನಾಗಲಿ, ಬೆಂದ ಮೊಟ್ಟೆಯನ್ನಾಗಲಿ, ಬೆಂದ ಹುರುಳಿಯನ್ನಾಗಲಿ ಬೆರಸಿ ಹಾಕುವ ಯಜಮಾನನ ನಾಯಿಯು ಮನೆಯನ್ನು ಬಿಟ್ಟು ಅಲೆಯುವುದು ಕಡಮೆ. ಈರುಳ್ಳಿ ಬೆಳ್ಳುಳ್ಳಿಗಳು ಹೆಚ್ಚಾಗಿರುವ ಸಾರನ್ನು ನಾಯಿಗೂ ಬೆಕ್ಕಿಗೂ ಹಾಕಬಾರದು. ಅವು ಈ ಪ್ರಾಣಿಗಳ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೆಂದ ಮೂಳೆಯು ಸೀಳಿಕೊಂಡು ಗಂಟಲಿಗೂ ಕರುಳಿಗೂ ಚುಚ್ಚುವುದರಿಂದ ಅದನ್ನೂ ಹಾಕಬಾರದು. ಮೂಳೆಯ ವಿಷಯದಲ್ಲಿ ಮಾತ್ರ ಹಸಿಯ ಪಕ್ಷದವರ ಮಾತಿನಲ್ಲಿ ಅರ್ಧ ಸತ್ಯವಿದೆ. ಹಸಿಮೂಳೆಯು ಅಷ್ಟಾಗಿ ಸೀಳುವುದಿಲ್ಲ. ಆದರೂ ಅದನ್ನು ಕಡಿದು ಹಲ್ಲು ಮುರಿದುಕೊಂಡ ನಾಯಿಗಳಿಗೇನೂ ಕಡಮೆಯಿಲ್ಲ.

ಬೆಕ್ಕಿನ ಸಂಗತಿಯೇ ಬೇರೆ. ಅದು ನಾಯಿಯಂತೆ ಮನುಷ್ಯನ ಊಟಕ್ಕೆ ಒಗ್ಗಿಕೊಂಡ ಪ್ರಾಣಿಯಲ್ಲ. ಮಾಂಸವಿಲ್ಲದೆ ಅದು ಬಾಳಲಾರದು. ಟಾರೀನ್ ಎಂಬ ಸತ್ವವನ್ನು ನಾಯಿಯು ತನ್ನ ದೇಹದಲ್ಲಿಯೇ ತಯಾರಿಸಿಕೊಳ್ಳಬಲ್ಲುದು, ಬೆಕ್ಕು ಸಾಕಷ್ಟು ತಯಾರಿಸಿಕೊಳ್ಳಲಾರದು. ಈ ಸತ್ವವಿಲ್ಲದ ಆಹಾರದಿಂದ ಬೆಕ್ಕಿನ ಕಣ್ಣಿನ ಒಳಪರದೆ ಕ್ಷಯಿಸಿ ಅದು ಕುರುಡಾಗುವುದೆಂದು ೧೯೭೫ರಲ್ಲಿಯೂ, ಅದರ ಹೃದಯವು ಹಿಗ್ಗಿ ದುರ್ಬಲವಾಗುವುದೆಂದು ೧೯೮೭ರಲ್ಲಿಯೂ ಅಮೆರಿಕ ದೇಶದ ವಿಜ್ಞಾನಿಗಳು ತೋರಿಸಿಕೊಟ್ಟರು. ಅದೇ ದೇಶದಲ್ಲಿ ೧೯೩೨ರಿಂದ ಹತ್ತು ವರ್ಷಗಳ ಕಾಲ ಫ್ರಾನ್ಸಿಸ್ ಪಾಟೆಂಜರ್ ಎಂಬ ವೈದ್ಯರು ನೂರಾರು ಬೆಕ್ಕುಗಳನ್ನು ಸಾಕಿ, ಹಸಿಮಾಂಸ ತಿಂದವು ಪುಷ್ಟವಾಗಿದ್ದು ಬೆಂದ ಮಾಂಸ ತಿಂದವು ತಲೆಮಾರು ತಲೆಮಾರಿಗೆ ಕ್ಷೀಣಿಸಿದುವೆಂದು ವರದಿ ಮಾಡಿದ್ದರು. ಹಸಿಯ ಪಕ್ಷದವರು ಈಗಲೂ ಇದನ್ನೇ ದೊಡ್ಡ ಪ್ರಮಾಣವಾಗಿ ಎತ್ತಿ ಹೇಳುತ್ತಾರೆ. ಆದರೆ ಆ ಕಾಲಕ್ಕೆ ಟಾರೀನಿನ ಈ ಮಹತ್ವವು ತಿಳಿದಿರಲಿಲ್ಲ. ಅದು ನೀರಿನಲ್ಲಿ ಕರಗುವ ವಸ್ತುವಾದುದರಿಂದ ಮಾಂಸವನ್ನು ಬೇಯಿಸಿ ನೀರನ್ನು ಚೆಲ್ಲಿದರೆ ಸತ್ವವೂ ಚೆಲ್ಲಿಹೋಗುತ್ತದೆ. ಬೇಯಿಸಿದ ನೀರಿನೊಡನೆಯೇ ಮಾಂಸವನ್ನು ಹಾಕುವುದಾದರೆ ಈ ನಷ್ಟದ ಬಹುಭಾಗವು ತಪ್ಪುತ್ತದೆ.

ಕೆರೆಯ ಮೀನನ್ನು ಹಸಿಯಾಗಿಯೇ ಬೆಕ್ಕಿಗೆ ಹಾಕುವ ವಾಡಿಕೆಯೂ ಇದೆ. ಎಂದಾದರೊಮ್ಮೆ ಒಂದೆರಡು ಮೀನು ತಿಂದರೆ ಬಾಧಕವಿಲ್ಲ. ದಿನವೂ ಅದೇ ಆಹಾರವಾದರೆ ಗೆಂಡೆ ಜಾತಿಯ ಅನೇಕ ಮೀನುಗಳಲ್ಲಿರುವ ಒಂದು ರಸವು ಥಯಮಿನ್ ಎಂಬ ಜೀವಸತ್ವವನ್ನು ನಾಶಮಾಡಿ, ಬೆಕ್ಕು ತಲೆ ಬಾಗಿಸಿ ತೂರಾಡುತ್ತಾ ಬೀಳುತ್ತದೆ. ಅಮೆರಿಕದಲ್ಲಿ ತುಪ್ಪಳಕ್ಕಾಗಿ ನರಿಗಳನ್ನು ಸಾಕುತ್ತಿದ್ದವರು ೧೯೩೦ರ ದಶಕದಲ್ಲಿ ಹಸಿಮೀನನ್ನು ಹಾಕಿ ಇದೇ ರೋಗದಿಂದ ಬಹಳ ನಷ್ಟವನ್ನನುಭವಿಸಿದರು. ಬೇಯಿಸಿದರೆ ಆ ರಸವು ಹಾಳಾಗುತ್ತದೆ.

ಹಸಿ ಕೋಳಿಮಾಂಸದ ವಿಷಯದಲ್ಲಿ ಈಗ ಮತ್ತೊಂದು ಭಯವಿದೆ. ೨೦೦೪ರಲ್ಲಿ ಥಾಯ್ಲೆಂಡಿನ ಶ್ರೀರಾಚಾ ಎಂಬಲ್ಲಿಯ ಮೃಗಾಲಯದಲ್ಲಿ ಹಕ್ಕಿಜ್ವರ ತಗುಲಿದ ಕೋಳಿಗಳನ್ನು ಹಸಿಯಾಗಿ ಹಾಕಿದುದರಿಂದ ೪೪೧ ಹುಲಿಗಳ ಪೈಕಿ ೧೪೭ ಹುಲಿಗಳು ಸತ್ತವು ಅಥವಾ ಕೊಲ್ಲಬೇಕಾಗಿ ಬಂದಿತು. ೨೦೨೪ನೆಯ ಇಸವಿಯಲ್ಲಿ ಅಮೆರಿಕದ ಸಾಕುಬೆಕ್ಕುಗಳು ರೋಗ ತಗುಲಿದ ಹಸುಗಳ ಕಾಯಿಸದ ಹಾಲನ್ನು ಕುಡಿದು ಇದೇ ಜ್ವರದಿಂದ ಸತ್ತುವು. ಹುಲಿಯೂ ಬೆಕ್ಕೂ ಒಂದೇ ಕುಲದವು. ಹಿತ್ತಿಲಿನಲ್ಲಿ ಕಾರಣ ತಿಳಿಯದೆ ಸತ್ತ ಕೋಳಿಯನ್ನು ಬೆಕ್ಕಿನ ಮುಂದೆ ಎಸೆಯುವುದು ಎಷ್ಟುಮಾತ್ರಕ್ಕೂ ಸಲ್ಲದು.

ಇದುವರೆಗೆ ಹೇಳಿದುದು ಆ ಪ್ರಾಣಿಗಳ ಹಿತಾಹಿತದ ಮಾತಾಯಿತು. ಜಮೀನುದಾರರು ಮುಖ್ಯವಾಗಿ ತಿಳಿಯಬೇಕಾದುದು ಮುಂದಿದೆ. ಹಸಿಮಾಂಸವನ್ನು ತಿಂದ ನಾಯಿಗೆ ಕೆಲವು ವೇಳೆ ಯಾವ ಕೆಡಕೂ ಆಗುವುದಿಲ್ಲ. ಅದರ ದುಷ್ಫಲವನ್ನು ಅನುಭವಿಸುವವರು ಕುರಿಗಳೂ ಮನುಷ್ಯರೂ.

ಕುರಿಯನ್ನು ಕೊಯ್ದಾಗ ಈಲಿಯಲ್ಲಾಗಲಿ ಪುಪ್ಪುಸದಲ್ಲಾಗಲಿ, ನೆಲ್ಲಿಕಾಯಿಯ ಗಾತ್ರದಿಂದ ಹಿಡಿದು ಕಿತ್ತಿಳೆ ಹಣ್ಣಿನ ಗಾತ್ರದವರೆಗೆ, ಬಿಳಿಯ ದಪ್ಪ ಗೋಡೆಯುಳ್ಳ ನೀರುಗುಳ್ಳೆಗಳನ್ನು ನೋಡದ ಹಿರಿಯರು ಈ ಸೀಮೆಯಲ್ಲಿ ಇರಲಾರರು. 'ಈಲಿ ಕೆಟ್ಟಿದೆ' ಎಂದು ಆ ಭಾಗವನ್ನು ಕೊಯ್ದು ಪಕ್ಕಕ್ಕೆ ಎಸೆಯುತ್ತಾರೆ. ಅಲ್ಲಿಯೇ ಕಾದು ಕುಳಿತ ನಾಯಿ ಅದನ್ನು ಕಬಳಿಸುತ್ತದೆ. ಮನೆಯವರು ತಮಗೆ ಬೇಡವಾದ ಕೆಟ್ಟ ಭಾಗವನ್ನು ವಿಲೇವಾರಿ ಮಾಡಿದೆವೆಂದು ತಿಳಿಯುತ್ತಾರೆ. ವಾಸ್ತವವಾಗಿ ರೋಗದ ಬೀಜವನ್ನು ಬಿತ್ತಿದ್ದು ಆ ಕ್ಷಣದಲ್ಲಿಯೇ. ಆ ಗುಳ್ಳೆಯ ನೀರಿನಲ್ಲಿ ಮರಳಿನಂತೆ ಕಾಣುವ ಕಣಗಳು ಇರುತ್ತವೆ; ಒಂದೊಂದು ಕಣವೂ ಒಂದೊಂದು ಲಾಡಿಹುಳುವಿನ ತಲೆಯೆಂದು ತಿಳಿಯಿರಿ. ನಾಯಿಯ ಸಣ್ಣಕರುಳನ್ನು ಸೇರಿದ ಮೇಲೆ ಅವು ಕರುಳಿನ ಗೋಡೆಗೆ ಕಚ್ಚಿಕೊಂಡು ಹುಳುಗಳಾಗಿ ಬೆಳೆಯುತ್ತವೆ. ಸಾಮಾನ್ಯ ಲಾಡಿಹುಳುವಿನಂತೆ ಇದು ಮಾರುದ್ದವಲ್ಲ. ಅಕ್ಕಿಕಾಳಿಗಿಂತಲೂ ಚಿಕ್ಕದು, ಮೂರು ನಾಲ್ಕು ತುಂಡುಗಳುಳ್ಳದ್ದು. ಒಂದು ನಾಯಿಯಲ್ಲಿ ಇಂಥ ಹುಳುಗಳು ಸಾವಿರಾರು ಇದ್ದರೂ ಅದು ಲವಲವಿಕೆಯಿಂದಲೇ ಓಡಾಡಿಕೊಂಡಿರುವುದರಿಂದ ಯಾರಿಗೂ ಸಂದೇಹ ಬರುವುದಿಲ್ಲ.

ಆರೇಳು ವಾರಗಳಾದ ಮೇಲೆ ಹುಳುವಿನ ತುದಿಯ ತುಂಡು ಕಳಚಿ, ನೂರಾರು ಮೊಟ್ಟೆಗಳೊಡನೆ ನಾಯಿಯ ಮಲದಲ್ಲಿ ಹೊರಕ್ಕೆ ಬೀಳುತ್ತದೆ. ಮೊಟ್ಟೆಗಳು ಕಣ್ಣಿಗೆ ಕಾಣುವಂಥವಲ್ಲ. ಹುಲ್ಲಿನ ಮೇಲೆ, ಬದುವಿನ ಮೇಲೆ, ಹಟ್ಟಿಯ ಅಂಗಳದಲ್ಲಿ, ನೀರಿನ ಕಟ್ಟೆಯ ಪಕ್ಕದಲ್ಲಿ ಬಿದ್ದು, ತಂಪಿರುವಲ್ಲಿ ತಿಂಗಳುಗಟ್ಟಲೆ ಜೀವದಿಂದಿರುತ್ತವೆ. ನಮ್ಮಲ್ಲಿ ಬೇಸಗೆಯಲ್ಲಿ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿಮಂದೆಯನ್ನು ತರುಬುವ ಪದ್ಧತಿಯಿದೆಯಷ್ಟೆ. ಮಂದೆಯ ಜೊತೆಗೆ ನಾಯಿಯೂ ಆ ಹೊಲದಲ್ಲಿಯೇ ಮಲಗುತ್ತದೆ, ಅಲ್ಲಿಯೇ ಮಲವಿಸರ್ಜನೆ ಮಾಡುತ್ತದೆ, ಬೆಳಗ್ಗೆ ಕುರಿಗಳು ಅಲ್ಲಿಯೇ ಬಾಯಾಡುತ್ತವೆ. ಬಿಸಿಲಿಗೆ ಎಷ್ಟೋ ಮೊಟ್ಟೆಗಳು ಒಣಗಿ ಸಾಯುವುದೇನೋ ನಿಜ; ಉಳಿದಷ್ಟೇ ಸಾಕು. ಕುರಿಯ ಹೊಟ್ಟೆಯನ್ನು ಸೇರಿದ ಮೊಟ್ಟೆಯಿಂದ ಹೊರಟ ಸೂಕ್ಷ್ಮಕ್ರಿಮಿಯು ರಕ್ತದೊಡನೆ ಈಲಿಗೋ ಪುಪ್ಪುಸಕ್ಕೋ ಹೋಗಿ ನೆಲಸಿ ಮತ್ತೆ ನೀರುಗುಳ್ಳೆಯಾಗುತ್ತದೆ. ಹೀಗೆ ಕುರಿಯಿಂದ ನಾಯಿಗೆ, ನಾಯಿಯಿಂದ ಕುರಿಗೆ ಚಕ್ರವು ತಿರುಗುತ್ತಲೇ ಇರುತ್ತದೆ.

ಈ ಚಕ್ರದಲ್ಲಿ ಮನುಷ್ಯನು ಸಿಕ್ಕಿಬೀಳುವ ಬಗೆಯನ್ನು ಜನರು ಸಾಮಾನ್ಯವಾಗಿ ತಪ್ಪಾಗಿ ತಿಳಿದಿರುತ್ತಾರೆ. ಗುಳ್ಳೆಯಿದ್ದ ಈಲಿಯನ್ನು ತಿಂದವನಿಗೆ ಈ ರೋಗವು ಬರುವುದಿಲ್ಲ. ನಾಯಿಯ ಕೂದಲಿಗೆ ಅಂಟಿಕೊಂಡ ಮೊಟ್ಟೆಯು ಕೈಗೆ, ಕೈಯಿಂದ ಬಾಯಿಗೆ ಹೋದವನಿಗೆ ಬರುತ್ತದೆ. ನಾಯಿಯನ್ನು ತಬ್ಬಿಕೊಂಡು ಆಡಿ ಕೈ ತೊಳೆಯದೆ ರೊಟ್ಟಿ ಮುರಿದ ಮಗುವೂ, ನಾಯಿ ಓಡಾಡಿದ ಮಡಿಯ ಸೊಪ್ಪನ್ನು ತೊಳೆಯದೆ ತಿಂದವರೂ ಇದಕ್ಕೆ ಗುರಿಯಾಗುತ್ತಾರೆ. ಮಾಂಸವನ್ನೇ ಮುಟ್ಟದ ಮನೆಯವರಿಗೂ ಇದು ತಪ್ಪಿದ್ದಲ್ಲ. ಮನುಷ್ಯನ ಈಲಿಯಲ್ಲಿ ಗುಳ್ಳೆಯು ವರ್ಷಾನುಗಟ್ಟಲೆ ಸದ್ದಿಲ್ಲದೆ ಬೆಳೆಯುವುದುಂಟು. ಬಾಲ್ಯದಲ್ಲಿ ನುಂಗಿದ ಮೊಟ್ಟೆಯ ಫಲವು ಮೂವತ್ತನೆಯ ವಯಸ್ಸಿನಲ್ಲಿ ಬಲಪಕ್ಕೆಯ ಭಾರವಾಗಿಯೋ, ಬಿಡದ ಕೆಮ್ಮಾಗಿಯೋ ತೋರಬಹುದು. ಗುಳ್ಳೆಯು ಒಳಗೇ ಒಡೆದರೆ ಕೂಡಲೆ ಪ್ರಾಣಾಪಾಯ. ಬದುಕಿ ಉಳಿದರೂ ಅದರ ಕಣಗಳು ಹೊಟ್ಟೆಯಲ್ಲೆಲ್ಲಾ ಚದರಿ ಹೊಸ ಗುಳ್ಳೆಗಳಾಗಿ ಹುಟ್ಟುತ್ತವೆ. ಔಷಧವೂ ಶಸ್ತ್ರಚಿಕಿತ್ಸೆಯೂ ಇವೆ. ಎರಡೂ ದೀರ್ಘಕಾಲದವು, ಖರ್ಚಿನವು. ಕೂಲಿಯಿಂದ ಜೀವಿಸುವ ಕುರಿಗಾಹಿಯ ಸಂಸಾರಕ್ಕೆ ಅಂಥ ಒಂದು ಶಸ್ತ್ರಚಿಕಿತ್ಸೆ ಬಂದರೆ ಅರ್ಧ ಮಂದೆಯು ಮಾರಾಟವಾಗಿಹೋಗುತ್ತದೆ.

ಇದೇ ರೀತಿಯ ಇನ್ನೊಂದು ಲಾಡಿಹುಳುವಿನಿಂದ ಕುರಿಗೆ ತಲೆಸುತ್ತಿನ ರೋಗವು ಬರುತ್ತದೆ. ಕುರಿಯು ಮಂದೆಯನ್ನು ಬಿಟ್ಟು, ತಲೆಯನ್ನು ಒಂದೇ ಪಕ್ಕಕ್ಕೆ ವಾಲಿಸಿಕೊಂಡು, ನಿಂತಲ್ಲಿಯೇ ಗಾಣದೆತ್ತಿನಂತೆ ಸುತ್ತುತ್ತದೆ, ಗೋಡೆಗೆ ತಲೆಯನ್ನೊತ್ತಿ ನಿಲ್ಲುತ್ತದೆ, ಕಣ್ಣು ಕಾಣದಾಗುತ್ತದೆ. ಗಾಳಿ ಸೋಕಿತೆಂದು ಯಂತ್ರ ಕಟ್ಟಿಸುವವರೂ ಇದ್ದಾರೆ. ಅದರ ಮಿದುಳಿನಲ್ಲಿ ಕೋಳಿಮೊಟ್ಟೆಯಷ್ಟು ದೊಡ್ಡದಾದ ನೀರುಗುಳ್ಳೆಯು ಕುಳಿತಿರುವುದೇ ನಿಜವಾದ ಕಾರಣ. ಇಂಥ ಕುರಿಯನ್ನು ಸಾಯುವುದಕ್ಕೆ ಮೊದಲೇ ಕೊಯ್ದು, ರೋಗದ ತಲೆಯೆಂದು ತಲೆಯೊಂದನ್ನು ಮಾತ್ರ ನಾಯಿಗೆ ಎಸೆಯುವುದನ್ನು ನಾವು ಕೇಳಿದ್ದೇವೆ. ಕುರಿಯ ದೇಹದಲ್ಲಿ ನಾಯಿಗೆ ಹಾಕಬಾರದ ಭಾಗವೊಂದಿದ್ದರೆ ಅದು ಆ ತಲೆಯೇ! ಬಂಡೂರು ತಳಿಯ ಒಂದು ಒಳ್ಳೆಯ ಟಗರಿಗೆ ಈಗಿನ ಕಾಲದಲ್ಲಿ ಎಷ್ಟು ಬೆಲೆಯೆಂಬುದನ್ನು ಸಂತೆಗೆ ಹೋಗಿ ಬಂದವರಿಗೆ ನಾವು ಹೇಳಬೇಕಾಗಿಲ್ಲ.

ಕುರಿಯ ಕರುಳಿನ ಸುತ್ತಣ ಕೊಬ್ಬಿನ ಪರದೆಯಿಂದ ತೆಳ್ಳನೆಯ ನೀರಿನ ಚೀಲಗಳು ಜೋತಾಡುತ್ತಾ ಅದರೊಳಗೆ ಒಂದೇ ಬಿಳಿಯ ಚುಕ್ಕೆ ಕಾಣುವುದೂ ಉಂಟು. ಇದು ಮೂರನೆಯ ಜಾತಿ. ಮನುಷ್ಯರಿಗೆ ಇದರಿಂದ ಭಯವಿಲ್ಲ. ಆದರೆ ಇದು ಕಂಡಿತೆಂದರೆ ಆ ಮಂದೆಯ ಸುತ್ತಮುತ್ತಣ ನಾಯಿಗಳು ಹಸಿಯ ಒಳಮಾಂಸವನ್ನು ತಿನ್ನುತ್ತಿವೆಯೆಂಬುದು ನಿಶ್ಚಯ.

ನಾಯಿಯ ಹುಳುವಿಗೂ ಕುರಿಯ ಗುಳ್ಳೆಗೂ ಇರುವ ಈ ಸಂಬಂಧವು ಹೊಸದಾಗಿ ಗೊತ್ತಾದುದಲ್ಲ. ಜರ್ಮನಿಯ ಸೀಬೋಲ್ಡ್ ಎಂಬ ಪ್ರಾಣಿಶಾಸ್ತ್ರಜ್ಞರು ೧೮೫೦ರ ದಶಕದ ಮೊದಲಲ್ಲಿಯೇ ಕುರಿಯ ಗುಳ್ಳೆಗಳನ್ನು ನಾಯಿಗಳಿಗೆ ತಿನ್ನಿಸಿ, ಅವುಗಳ ಕರುಳಿನಲ್ಲಿ ಹುಳುಗಳನ್ನು ಬೆಳೆಸಿ ತೋರಿಸಿದ್ದರು. ಆ ಜ್ಞಾನವನ್ನು ಹಳ್ಳಿಯ ಆಚರಣೆಗೆ ತಂದ ಕೀರ್ತಿಯು ಐಸ್‌ಲೆಂಡ್ ಎಂಬ ಚಿಕ್ಕ ದ್ವೀಪಕ್ಕೆ ಸಲ್ಲುತ್ತದೆ. ಅದು ಕುರಿ ಮತ್ತು ನಾಯಿಗಳ ದೇಶ. ಆ ಕಾಲದಲ್ಲಿ ಅಲ್ಲಿನ ಜನರಲ್ಲಿ ಈ ಗುಳ್ಳೆರೋಗವು ವಿಪರೀತವಾಗಿತ್ತು. ೧೮೬೩ರಲ್ಲಿ ಡೆನ್ಮಾರ್ಕಿನಿಂದ ಹೋದ ಹರಾಲ್ಡ್ ಕ್ರಾಬೆ ಎಂಬ ವಿದ್ವಾಂಸರು ಅಲ್ಲಿಯ ನೂರು ನಾಯಿಗಳ ಕರುಳನ್ನು ಬಿಡಿಸಿ ನೋಡಲಾಗಿ ೨೮ರಲ್ಲಿ ಈ ಹುಳುಗಳು ಸಿಕ್ಕಿದುವು. ಅವರು ಜನರ ಭಾಷೆಯಲ್ಲಿ ಒಂದು ಚಿಕ್ಕ ಪುಸ್ತಕವನ್ನು ಬರೆದು, ಅದನ್ನು ಮನೆಮನೆಗೂ ಹಂಚಿಸಿದರು. ದೀರ್ಘವಾದ ಚಳಿಗಾಲದಲ್ಲಿ ಮನೆಯೊಳಗೆ ಕುಳಿತು ಓದುವುದು ಆ ಜನರ ರೂಢಿಯಾಗಿದ್ದುದರಿಂದ ಪುಸ್ತಕವು ವ್ಯರ್ಥವಾಗಲಿಲ್ಲ. ಮುಂದೆ ಕಾನೂನುಗಳೂ ಬಂದುವು. ಗುಳ್ಳೆಗಳನ್ನು ನಾಯಿಗೆ ಸಿಕ್ಕದಂತೆ ಹೂಳುವುದೂ ಸುಡುವುದೂ ಕಡ್ಡಾಯವಾಯಿತು. ಕುರಿಗಳನ್ನು ಮುದಿಯಾಗುವ ಮೊದಲೇ ಕೊಯ್ಯುವ ರೂಢಿಯೂ ಇದಕ್ಕೆ ಸಹಾಯಕವಾಯಿತು, ಏಕೆಂದರೆ ಗುಳ್ಳೆಯು ಬಲಿಯುವುದಕ್ಕೆ ವರ್ಷಗಳು ಬೇಕು. ಈಗ ಆ ದೇಶದಲ್ಲಿ ಈ ರೋಗವಿಲ್ಲ. ನ್ಯೂಜಿಲೆಂಡಿನಲ್ಲಿ ೧೯೫೯ರಲ್ಲಿ ಇದಕ್ಕೆಂದೇ ಒಂದು ಕಾನೂನನ್ನು ಮಾಡಿ, ಹಸಿಯ ಒಳಮಾಂಸವನ್ನು ನಾಯಿಗೆ ಹಾಕುವುದನ್ನು ತಡೆದು, ೨೦೦೨ರ ಹೊತ್ತಿಗೆ ದೇಶವನ್ನು ರೋಗದಿಂದ ಬಿಡಿಸಿಕೊಂಡರು. ಕುರಿಯೇ ಐಶ್ವರ್ಯವಾಗಿರುವ ದೇಶಗಳು ಹಸಿ ಈಲಿಯ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವಾಗ, ಹಸಿ ಈಲಿಯೇ ನಾಯಿಗೆ ಅಮೃತವೆಂಬ ಪಟ್ಟಣದ ಉಪದೇಶವನ್ನು ನಮ್ಮ ಕುರಿಸೀಮೆಗೆ ಹಾಗೆಯೇ ತರುವುದು ಎಷ್ಟು ವಿವೇಕವೆಂಬುದನ್ನು ಓದುಗರೇ ನಿರ್ಣಯಿಸಲಿ.

ಇನ್ನು ನಮ್ಮ ಊರುಗಳ ಪರಿಸ್ಥಿತಿ. ವರ್ಷದಲ್ಲಿ ಕೆಲವು ದಿನಗಳಲ್ಲಿ ಮಾತ್ರ ಈ ಅಪಾಯವು ಒಮ್ಮೆಗೇ ಗುಡ್ಡೆಯಾಗಿ ಬಂದು ಬೀಳುತ್ತದೆ. ಯುಗಾದಿಯ ಮಾರನೆಯ ದಿನದ ವರ್ಷದೊಡಕು, ಮಾರಿಹಬ್ಬ, ಪಿತೃಪಕ್ಷ, ಹರಕೆಯ ಬಾಡೂಟ, ಇವು ಆ ದಿನಗಳು. ವರ್ಷದೊಡಕಿನಲ್ಲಿ ಹತ್ತಿಪ್ಪತ್ತು ಮನೆಗಳವರು ಸೇರಿ ಕುರಿಗಳನ್ನು ಕೊಂಡು, ಮರದಡಿಯಲ್ಲಿ ಕೊಯ್ದು, ಮಾಂಸವನ್ನು ಗುಡ್ಡೆಗಳಾಗಿ ಹಾಕಿ ಸಮವಾಗಿ ಹಂಚಿಕೊಳ್ಳುವ ಪದ್ಧತಿಯು ಸೌಹಾರ್ದಕ್ಕೂ ಮಿತವ್ಯಯಕ್ಕೂ ಅನುಕೂಲವಾದುದೇ ಆಗಿದೆ. ಗುಡ್ಡೆಗೆ ಸೇರದೆ ಉಳಿಯುವ ಭಾಗವನ್ನು ಕುರಿತು ಮಾತ್ರ ಯಾರೂ ಯೋಚಿಸುವುದಿಲ್ಲ. ಪಟೇಲಿಕೆಯ ವಂಶಪಾರಂಪರ್ಯದ ಹುದ್ದೆಗಳು ೧೯೬೧ರ ಕಾನೂನಿನಿಂದ ರದ್ದಾದರೂ, ಹಬ್ಬದ ದಿನವನ್ನು ಗೊತ್ತುಮಾಡುವುದಕ್ಕೂ ಕುರಿಯ ಲೆಕ್ಕ ಹಾಕುವುದಕ್ಕೂ ಊರಿನ ಯಜಮಾನರ ಮಾತೇ ಇಂದಿಗೂ ನಡೆಯುತ್ತದೆ. ಅವರು ಹಬ್ಬಕ್ಕೆ ಮೊದಲೇ ಕೊಯ್ಯುವ ಸ್ಥಳದ ಹತ್ತಿರ ನಾಲ್ಕಡಿಗೆ ಕಡಮೆಯಿಲ್ಲದ ಆಳದ ಗುಂಡಿಯೊಂದನ್ನು ತೋಡಿಸಿ, ಕೆಟ್ಟ ಈಲಿ, ಪುಪ್ಪುಸ, ಗುಳ್ಳೆಗಳನ್ನೆಲ್ಲಾ ಅದರಲ್ಲಿಯೇ ಹಾಕಬೇಕೆಂದು ಕಟ್ಟುಮಾಡಿ, ಮೇಲೆ ಸುಣ್ಣವನ್ನೂ ಮಣ್ಣನ್ನೂ ಮುಚ್ಚಿಸಿ, ನಾಯಿಗಳು ಕೆದಕದಂತೆ ಚಪ್ಪಡಿಯನ್ನೋ ಜಾಲಿಮುಳ್ಳನ್ನೋ ಹೇರಿಸಿದರೆ ಸಾಕು. ಒಂದು ಆಳಿನ ಅರ್ಧ ದಿನದ ಕೂಲಿಗಿಂತ ಹೆಚ್ಚು ಖರ್ಚಿಲ್ಲ. ಗುಳ್ಳೆಗಳನ್ನು ಚುಚ್ಚಿ ನೋಡುವ ಹುಡುಗರ ಚೇಷ್ಟೆಯನ್ನು ತಡೆಯಬೇಕು. ಗುಳ್ಳೆಯಿಲ್ಲದ ಒಳಮಾಂಸವನ್ನು ನಾಯಿಗೆ ಹಾಕಲೇಬೇಕೆಂದಿದ್ದರೆ ಚಿಕ್ಕ ಚಿಕ್ಕ ತುಂಡುಗಳಾಗಿ ಮಾಡಿ, ನೀರು ಕುದಿಯಲಾರಂಭಿಸಿದ ಮೇಲೆ ಅರ್ಧ ಗಂಟೆಗೆ ಕಡಮೆಯಿಲ್ಲದಂತೆ ಬೇಯಿಸಿ ಹಾಕತಕ್ಕದ್ದು. ಕಣ್ಣಿಗೆ ಕಾಣದಷ್ಟು ಚಿಕ್ಕ ಗುಳ್ಳೆಗಳು ಒಳಗೆ ಅಡಗಿರಬಹುದು. ಬಾಡೂಟದ ದೊಡ್ಡ ಒಲೆಯು ಹೇಗೂ ಉರಿಯುತ್ತಲೇ ಇರುತ್ತದೆ.

ಸತ್ತ ದನಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಮುಂಚೆ ಕೆರೆಯ ಹಿಂದೆ ಎಳೆದು ಹಾಕಿದ ದನವನ್ನು ರಣಹದ್ದುಗಳು ಕೆಲವು ಗಂಟೆಗಳಲ್ಲಿ ಮೂಳೆಯಾಗಿಸುತ್ತಿದ್ದುವು. ದನಗಳ ನೋವಿಗೆಂದು ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧವು ಆ ಪಕ್ಷಿಗಳಿಗೆ ಘೋರವಿಷವೆಂದು ೨೦೦೪ರಲ್ಲಿ ಪ್ರಕಟವಾಗಿ, ೨೦೦೬ರಲ್ಲಿ ನಮ್ಮ ದೇಶದಲ್ಲಿ ಅದರ ಪಶುಬಳಕೆಯು ನಿಷಿದ್ಧವಾಯಿತು. ಅಷ್ಟರೊಳಗೆ ರಣಹದ್ದುಗಳ ಕುಲವೇ ನಶಿಸುವಂತಾಗಿತ್ತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಕೆಲವಕ್ಕಾಗಿ ೨೦೧೨ರಲ್ಲಿ ರಕ್ಷಿತಧಾಮವನ್ನು ಮಾಡಲಾಯಿತು. ಹದ್ದು ತಿನ್ನುತ್ತಿದ್ದುದನ್ನು ಈಗ ನಾ�ಯಿಗಳು ತಿನ್ನುತ್ತಿವೆ. ಥಟ್ಟನೆ ಸತ್ತು, ಮೂಗು ಗುದಗಳಿಂದ ಕಪ್ಪುರಕ್ತ ಸೋರಿದ ದನ ಕುರಿಗಳನ್ನು ನೆರಡಿ ರೋಗವೆಂದು ಶಂಕಿಸಿ, ಚರ್ಮವನ್ನು ಸುಲಿಯದೆ, ನಾಯಿಗಳನ್ನು ಹತ್ತಿರ ಸೇರಿಸದೆ ಪಶುವೈದ್ಯರಿಗೆ ವರ್ತಮಾನ ಕೊಡಬೇಕು. ೨೦೦೯ರ ಪಶುರೋಗ ನಿಯಂತ್ರಣ ಕಾನೂನಿನ ಮೇರೆಗೆ ಹೀಗೆ ವರದಿಮಾಡುವುದು ಒಡೆಯನ ಕರ್ತವ್ಯವೂ ಆಗಿದೆ. ಹುಚ್ಚುನಾಯಿ ಕಚ್ಚಿ ಸತ್ತ ಕರುವಿನ ತಲೆಯು ಬೇರೆ ನಾಯಿಗಳ ಬಾಯಿಗೆ ಸಿಕ್ಕದಂತೆಯೂ ಎಚ್ಚರವಿರಬೇಕು.

ಹಸುವು ಕರು ಹಾಕಿದ ಮೇಲೆ ಬೀಳುವ ಮಾಸನ್ನು ಗೋಣಿಯಲ್ಲಿ ಕಟ್ಟಿ ಆಲದ ಮರಕ್ಕೆ ತೂಗುಹಾಕುವ ಪದ್ಧತಿಯು ನಮ್ಮ ಹಳ್ಳಿಗಳಲ್ಲಿದೆ. ಆಲದ ಹಾಲಿನಂತೆ ಹಸುವಿಗೂ ಹಾಲು ಹೆಚ್ಚಲೆಂಬುದು ಅದರ ಭಾವನೆ. ಹಾಲು ಹೆಚ್ಚುವುದೋ ಇಲ್ಲವೋ, ನಾಯಿಗೆ ಎಟುಕದಂತೆ ಇಟ್ಟ ಹಿರಿಯರ ಕೈ ಮಾತ್ರ ಒಳ್ಳೆಯದನ್ನೇ ಮಾಡಿತು. ಮಾಸನ್ನು ಹಸಿಯಾಗಿ ತಿಂದ ನಾಯಿಯಿಂದ ನಿಯೋಸ್ಪೋರ ಎಂಬ ಸೂಕ್ಷ್ಮಜೀವಿಯು ಮೇವಿನೊಡನೆ ಬೇರೆ ಹಸುಗಳಿಗೆ ಹರಡಿ ಕಂದು ಹಾಕಿಸುವುದೆಂಬುದು ೧೯೯೮ರಿಂದೀಚೆಗೆ ಸಿದ್ಧವಾಗಿದೆ. ಭಾರತದಲ್ಲಿ ಹುಟ್ಟಿದ ವಿಜ್ಞಾನಿಗಳಾದ ಜಿತೇಂದರ್ ದುಬೆಯವರು ಆ ಜೀವಿಯನ್ನು ಗುರುತಿಸಿ ೧೯೮೮ರಲ್ಲಿ ಹೆಸರಿಟ್ಟರು. ಈಗ ಅನೇಕರು ಮಾಸನ್ನು ತಿಪ್ಪೆಗೆ ಎಸೆಯುತ್ತಿದ್ದಾರೆ. ಮರಕ್ಕೆ ಕಟ್ಟುವುದಕ್ಕಿಂತಲೂ ಆಳವಾಗಿ ಹೂಳುವುದೇ ಮೇಲು. ತಿಪ್ಪೆಗೆ ಎಸೆಯುವುದು ಎಲ್ಲಕ್ಕಿಂತ ಕೀಳು.

ಬೆಕ್ಕಿನಿಂದ ಬರುವ ಕಂದುಪಾತವೂ ಇದೇ ಬಗೆಯದು. ಹಸಿಮಾಂಸವನ್ನೋ ಇಲಿಯನ್ನೋ ತಿಂದ ಎಳೆಯ ಬೆಕ್ಕು ಮೊದಲ ಸಲ ಟಾಕ್ಸೊಪ್ಲಾಸ್ಮ ಎಂಬ ಜೀವಿಯ ಸೋಂಕಿಗೆ ಸಿಕ್ಕಿದಾಗ ಒಂದೆರಡು ವಾರಗಳ ಕಾಲ ಅದರ ಮಲದಲ್ಲಿ ಲಕ್ಷಾಂತರ ಬೀಜಗಳು ಹೊರಬೀಳುತ್ತವೆ. ಬೆಕ್ಕು ಮರಿ ಹಾಕುವುದಕ್ಕೆ ರಾಗಿಹುಲ್ಲಿನ ಮೆದೆಯನ್ನೇ ಹುಡುಕುವುದಷ್ಟೆ. ಆ ಹುಲ್ಲನ್ನು ತಿಂದ ಗಬ್ಬದ ಕುರಿಗಳು ಕಂದು ಹಾಕುವುದುಂಟು; ಮನೆಯ ಗರ್ಭಿಣಿಯರಿಗೂ ಇದರಿಂದ ಅಪಾಯವಿದೆ. ಮೆದೆಯ ಬಳಿ ಬೆಕ್ಕಿನ ಮಲ ಕಂಡರೆ ಆ ದಿನವೇ ತೆಗೆದು ಹೂಳಬೇಕು, ಏಕೆಂದರೆ ಬೀಜಗಳು ರೋಗ ಹತ್ತಿಸುವ ಶಕ್ತಿಯನ್ನು ಪಡೆಯುವುದಕ್ಕೆ ಒಂದರಿಂದ ಐದು ದಿನ ಹಿಡಿಯುತ್ತದೆ. ಬೆಕ್ಕು ಇಲಿ ಹಿಡಿಯುವುದನ್ನು ತಪ್ಪಿಸುವುದು ಸಾಧ್ಯವೂ ಅಲ್ಲ, ಬೇಕಾದುದೂ ಅಲ್ಲ. ನಾವು ಕೈಯಾರೆ ಹಾಕುವ ಮಾಂಸವನ್ನಾದರೂ ಬೇಯಿಸಿ ಹಾಕಬಹುದು.

ಕೊನೆಗೆ, ಈಗಾಗಲೇ ಹುಳುಗಳನ್ನು ಹೊತ್ತಿರುವ ನಾಯಿಗಳ ಚಿಕಿತ್ಸೆ. ನಮ್ಮ ತೋಟಗಳ ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಸಾರವನ್ನೇ ನ್ಯೂಜಿಲೆಂಡಿನವರು ಮೊದಲು ನಾಯಿಗಳಿಗೆ ಕುಡಿಸಿ, ಭೇದಿಯೊಡನೆ ಹುಳುಗಳನ್ನು ಹೊರಡಿಸಿ ಪರೀಕ್ಷಿಸುತ್ತಿದ್ದರೆಂದರೆ ಅಡಿಕೆ ಬೆಳೆಗಾರರಿಗೆ ಕುತೂಹಲವಾದೀತು. ಆದರೆ ಅಡಿಕೆಯ ಪುಡಿಯನ್ನು ಮನೆಯಲ್ಲಿಯೇ ಅಂದಾಜಿನಿಂದ ಕುಡಿಸುವುದು ಅಪಾಯಕರ, ಹುಳುಗಳೆಲ್ಲವೂ ಅದರಿಂದ ಸಾಯುವುದೂ ಇಲ್ಲ. ೧೯೭೦ರ ದಶಕದಿಂದೀಚೆಗೆ ಪ್ರಾಜಿಕ್ವಾಂಟೆಲ್ ಎಂಬ ಗುಳಿಗೆಯು ಬಂದಿದೆ. ನಾಯಿಯ ತೂಕದಲ್ಲಿ ಕಿಲೋ ಒಂದಕ್ಕೆ ೫ ಮಿಲಿಗ್ರಾಮಿನಂತೆ, ಹದಿನೈದು ಕಿಲೋ ತೂಗುವ ಊರನಾಯಿಗೆ ೭೫ ಮಿಲಿಗ್ರಾಮ್ ಒಂದೇ ಸಲಕ್ಕೆ ಸಾಕು. ಮುದ್ದೆಯ ತುತ್ತಿನಲ್ಲಿಟ್ಟು ನುಂಗಿಸಬಹುದು. ಪಶುವೈದ್ಯರನ್ನು ಕೇಳಿಯೇ ಕೊಡತಕ್ಕದ್ದು. ಹೊಸ ಹುಳುವು ಮೊಟ್ಟೆಯಿಡಲು ಆರು ವಾರಗಳಾದರೂ ಬೇಕಾದುದರಿಂದ ಆರು ವಾರಗಳಿಗೊಮ್ಮೆ ಕೊಡುವುದು ಉತ್ತಮ ಪಕ್ಷ. ಅದು ಆಗದಿದ್ದರೆ ವರ್ಷಕ್ಕೆ ನಾಲ್ಕು ಸಲವಾದರೂ ಕೊಡಬೇಕು, ಅದರಲ್ಲಿ ಒಂದು ಸಲವು ವರ್ಷದೊಡಕು ಕಳೆದು ತಿಂಗಳೊಳಗೆ ಇರಬೇಕು. ಒಂದು ಮನೆಯ ನಾಯಿಗೆ ಕೊಟ್ಟು ನೆರೆಮನೆಯದನ್ನು ಬಿಟ್ಟರೆ ಫಲವಿಲ್ಲ. ಊರಿನ ನಾಯಿಗಳಿಗೆಲ್ಲಾ ಒಂದೇ ದಿನ ಆಗತಕ್ಕ ಕೆಲಸವಿದು. ಗುಳಿಗೆಯು ಹುಳುವನ್ನು ಕೊಲ್ಲುವುದೇ ಹೊರತು ಅದರ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಆದಕಾರಣ ಕೊಟ್ಟ ಮೇಲೆ ಎರಡು ದಿನ ನಾಯಿಯನ್ನು ಮಂದೆಯಿಂದಲೂ ಮಕ್ಕಳಿಂದಲೂ ದೂರದಲ್ಲಿ ಕಟ್ಟಿಹಾಕಿ, ಅದರ ಮಲವನ್ನು ಸಲಿಕೆಯಿಂದ ಎತ್ತಿ, ಒಣಗಿದ ಸೊಪ್ಪು ಸೌದೆಗಳೊಡನೆ ಸುಟ್ಟು, ಸಲಿಕೆಯನ್ನೂ ಆ ಬೆಂಕಿಯಲ್ಲಿಯೇ ಕಾಯಿಸಿ ತೆಗೆಯತಕ್ಕದ್ದು.